ಯಾರೂ ತಮ್ಮ ಬೆನ್ನು ತಾವೇ ಉಜ್ಜಬಾರದು

ನಗೆಪಾಟಲಿನ ಸಂಗತಿಗಳು ತಮಾಷೆಯ ಮನುಷ್ಯರನ್ನು ಹುಡುಕಿಕೊಂಡು ಹೋಗುವುದಿಲ್ಲ. ಶಿಸ್ತಿನ ಮನುಷ್ಯ ಯಾವ ಬೀದಿಯಲ್ಲಿದ್ದಾನೆ ಎಂದು ವಿಚಾರಿಸಿಕೊಂಡು ಅವನ ಜಗಲಿಗೇ ಬಂದು ಕೂರುತ್ತವೆ. ಕೋಲಾರದಲ್ಲಿದ್ದ ಅಷ್ಟು ವರ್ಷವೂ ನನ್ನ ಜಗಲಿ ಖಾಲಿಯಿದ್ದದ್ದು ಕಡಿಮೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮುಂಚಿನ ಮಾತು. ಬೆಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ಓದಿ, ಬಿ.ಎ. ಮುಗಿಸಿಕೊಂಡು, ಕೋಲಾರದ ಹೈಸ್ಕೂಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ಬಂದಿದ್ದೆ. ವಯಸ್ಸು ಇಪ್ಪತ್ತೈದು, ಮದುವೆಯಾಗಿರಲಿಲ್ಲ. ಹಳ್ಳಿಯಿಂದ ಓದಲು ಬರುವ ಹುಡುಗರಿಗೆಂದು ಊರಿನ ನಾಲ್ಕು ಜನ ದೊಡ್ಡವರು ಒಂದು ಹಾಸ್ಟೆಲು ನಡೆಸುತ್ತಿದ್ದರು. 'ಹೇಗೂ ಒಂಟಿ ಇದ್ದೀರಿ, ಅಲ್ಲೇ ಇದ್ದು ನೋಡಿಕೊಳ್ಳಿ' ಎಂದು ನನ್ನನ್ನು ಅದಕ್ಕೆ ವಾರ್ಡನ್ ಮಾಡಿದರು. ಹುಡುಗರು ಇಪ್ಪತ್ತನಾಲ್ಕು ಜನ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲ ಕಡೆಯವರೂ ಇದ್ದರು. ಮನೆ ಬಿಟ್ಟು ಒಂದು ರಾತ್ರಿ ಹೊರಗೆ ಮಲಗಿ ಅಭ್ಯಾಸವಿಲ್ಲದ ಮಕ್ಕಳು. ಜೂನ್ ತಿಂಗಳಲ್ಲಿ ಒಬ್ಬೊಬ್ಬನೂ ಒಂದೊಂದು ಕಂಬಕ್ಕೆ ಒರಗಿ ಕೂತು, ತನ್ನ ಊರು ಯಾವ ದಿಕ್ಕಿಗಿದೆಯೋ ಆ ದಿಕ್ಕನ್ನೇ ನೋಡುತ್ತಿದ್ದ.

ಉಳಿದವರು ಒಂದೆರಡು ತಿಂಗಳಲ್ಲಿ ಕಂಬ ಬಿಟ್ಟರು. ರಾಯಲ್ಪಾಡು ಕಡೆಯಿಂದ ಬಂದಿದ್ದ ಹುಡುಗನೊಬ್ಬ ಬಿಡಲಿಲ್ಲ. ಹದಿನೇಳು ವರ್ಷ, ನನ್ನ ಹಾಗೆಯೇ ಎತ್ತರದ ಸಣಕಲು ಮೈ. ಲೆಕ್ಕದಲ್ಲಿ ಅವನನ್ನು ಮೀರಿಸುವವರು ಇಡೀ ಶಾಲೆಯಲ್ಲಿರಲಿಲ್ಲ. ಬಾಯಿ ಮಾತ್ರ ಬೀಗ ಹಾಕಿದ ಹಾಗೆ. ಸೇರಿಸಲು ಬಂದ ದಿನವೇ ಅವನ ತಂದೆ ನನ್ನ ಮುಂದೆ ಹೇಳಿ ಹೋಗಿದ್ದರು: "ಇವನು ಮೊದಲಿಂದ್ಲೂ ಒಂಟಿ ಪಿಂಡ, ಸ್ವಾಮಿ. ಸಂಕ್ರಾಂತಿಗೆ ಮುಂಚೆ ಬಂದು ನೋಡ್ತೀನಿ. ನಾಲ್ಕು ಜನದ ಜತೆ ಸೇರ್ಕೊಂಡಿದ್ರೆ ಓದ್ಲಿ. ಹಿಂಗೇ ಕೊರಗ್ತಾ ಇದ್ರೆ ಕರ್ಕೊಂಡು ಹೋಗ್ಬಿಡ್ತೀನಿ. ಕೊರಗೋಕೆ ನಮ್ಮ ಮಾವಿನ ತೋಪೇ ಸಾಕು, ಹೈಸ್ಕೂಲು ಯಾಕೆ?"

ಅಂಥ ತಲೆ ಮಾವಿನ ತೋಪು ಕಾಯಲು ಹೋಗುವುದನ್ನು ನಾನು ಒಪ್ಪುವವನಲ್ಲ. ಹುಡುಗರಿಗೆ ಸ್ನೇಹ ಕಲಿಸಬೇಕೆಂದು ಅಂದೇ ನಿಶ್ಚಯಿಸಿದೆ. ಕಲಿಸುವುದೆಂದರೆ ವೇಳಾಪಟ್ಟಿ ಬರೆಯುವುದು ಎಂದು ನಾನು ಆಗ ತಿಳಿದಿದ್ದೆ.

ಮಾತಿನ ಗಂಟೆ

ಸಂಜೆ ಆರರಿಂದ ಆರೂವರೆಯವರೆಗೆ ಎಲ್ಲರೂ ನಡುಮನೆಯಲ್ಲಿ ಸೇರಿ ಪರಸ್ಪರ ಮಾತಾಡತಕ್ಕದ್ದು ಎಂದು ಬರೆದು ಗೋಡೆಗೆ ಅಂಟಿಸಿದೆ. ಮೊದಲ ದಿನ ಆರಕ್ಕೆ ಸರಿಯಾಗಿ ಗಂಟೆ ಹೊಡೆಸಿದೆ. ಇಪ್ಪತ್ತನಾಲ್ಕು ಹುಡುಗರೂ ಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂತರು. ಕೈಕಟ್ಟಿಕೊಂಡರು. ಒಂದು ಉಸಿರಿಲ್ಲ. ಅಡಿಗೆಮನೆಯಲ್ಲಿ ಸಾರು ಕುದಿಯುವ ಸದ್ದು ಕೇಳುವಷ್ಟು ನಿಶ್ಶಬ್ದ.

"ಯಾಕೆ ಸುಮ್ಮನಿದ್ದೀರಿ? ಮಾತಾಡಿ" ಎಂದೆ.

ಎಲ್ಲರೂ ತಲೆ ಇನ್ನಷ್ಟು ತಗ್ಗಿಸಿದರು.

"ಹೆದರಬೇಡಿ. ಏನು ಬೇಕಾದರೂ ಮಾತಾಡಬಹುದು."

ಮಾಲೂರಿನವನೊಬ್ಬನಿದ್ದ. ಪಾಠದ ನಡುವೆ ಮಾತಾಡಿದ್ದಕ್ಕೆ ವಾರಕ್ಕೆ ಮೂರು ಸಲ ಬೆಂಚಿನ ಮೇಲೆ ನಿಲ್ಲುವ ಪೈಕಿ. ಅವನು ಎದ್ದುನಿಂತು ಅತ್ಯಂತ ವಿನಯದಿಂದ ಕೇಳಿದ: "ಸಾರ್, ಏನು ಬೇಕಾದರೂ ಅಂದ್ರೆ, ಪದ್ಯಾನೋ ಗದ್ಯಾನೋ?"

ವಿಷಯವಿಲ್ಲದೆ ಮಾತು ಹೊರಡದು ಎಂದು ನನಗೆ ಅರ್ಥವಾಯಿತು. ಮಾರನೆಯ ದಿನ ಹಲಗೆಯ ಮೇಲೆ 'ನಮ್ಮ ಊರು' ಎಂದು ಬರೆದೆ. ರಾಯಲ್ಪಾಡಿನ ಹುಡುಗನ ಕಡೆ ತಿರುಗಿ, "ನೀನು ಶುರು ಮಾಡಪ್ಪಾ. ನಿಮ್ಮ ಊರಿನ ಬಗ್ಗೆ ಪಕ್ಕದವನಿಗೆ ಹೇಳು" ಎಂದೆ. ಅವನು ಎದ್ದ. ಗೋಡೆಯ ಕಡೆ ಮುಖ ಮಾಡಿ, ಭೂಗೋಳದ ಪಾಠ ಒಪ್ಪಿಸುವ ರಾಗದಲ್ಲಿ, ಮೂಡಣಕ್ಕೆ ಕೆರೆ, ಪಡುವಣಕ್ಕೆ ಗುಡ್ಡ, ತೆಂಕಣಕ್ಕೆ ಹುಣಿಸೆ ತೋಪು, ಬಡಗಣಕ್ಕೆ ನಮ್ಮ ದೊಡ್ಡಪ್ಪನ ಹೊಲ ಎಂದು ಹೇಳಿ ಕೂತುಬಿಟ್ಟ.

"ಅಷ್ಟೇನಾ? ಇನ್ನೇನೂ ಇಲ್ವಾ?"

ಮತ್ತೆ ಎದ್ದ. "ದೊಡ್ಡಪ್ಪನ ಹೊಲದ ಆಚೆಗೆ ಏನಿದೇಂತ ಗೊತ್ತಿಲ್ಲ, ಸಾರ್. ನಮಗೂ ಅವರಿಗೂ ಮಾತಿಲ್ಲ."

ಕ್ಷೇಮಸಮಾಚಾರ

ಮಾತಿನ ಗಂಟೆ ಹದಿನೈದು ದಿನ ನಡೆದು ನಿಂತುಹೋಯಿತು. ನನ್ನ ಎರಡನೆಯ ಯೋಜನೆ ಇದಕ್ಕಿಂತ ಸುಲಭದ್ದು. ಒಬ್ಬರ ಯೋಗಕ್ಷೇಮ ಇನ್ನೊಬ್ಬರು ವಿಚಾರಿಸಿದರೆ ತಾನಾಗಿಯೇ ಆತ್ಮೀಯತೆ ಬೆಳೆಯುತ್ತದಲ್ಲವೆ? ಪ್ರತಿದಿನ ಒಬ್ಬ ಹುಡುಗನನ್ನು ಆರಿಸಿ, ಉಳಿದವರೆಲ್ಲ ಅವತ್ತು ಅವನನ್ನು ಎಲ್ಲಿ ಕಂಡರೂ ನಿಲ್ಲಿಸಿ "ಹೇಗಿದ್ದೀಯಪ್ಪಾ, ಮೈಗೆ ಹುಷಾರಾಗಿದ್ದೀಯಾ?" ಎಂದು ಕೇಳತಕ್ಕದ್ದು ಎಂದು ನಿಯಮ ಮಾಡಿದೆ. ಮೊದಲ ಸರದಿಯನ್ನು ರಾಯಲ್ಪಾಡಿನವನಿಗೇ ಕೊಟ್ಟೆ. ಅವನಿಗೆ ತಿಳಿಸಬೇಡಿ, ಸಹಜವಾಗಿರಲಿ ಎಂದು ಉಳಿದವರಿಗೆ ತಾಕೀತು ಮಾಡಿದೆ. ಅದೇ ತಪ್ಪಾಯಿತು.

ಬೆಳಿಗ್ಗೆ ಬೇವಿನಕಡ್ಡಿ ಹಿಡಿದು ಬಾವಿಗೆ ಹೋದಾಗ ಇಬ್ಬರು ಕೇಳಿದರು. ಅವನು "ಹೂಂ" ಅಂದ. ಗಂಜಿ ಕುಡಿಯುವಾಗ ಐದು ಜನ ಕೇಳಿದರು. ತನ್ನ ಹಣೆ ತಾನೇ ಮುಟ್ಟಿ ನೋಡಿಕೊಂಡ. ಶಾಲೆಗೆ ಹೋಗುವ ದಾರಿಯಲ್ಲಿ ಆರು ಜನ ಒಬ್ಬರ ಹಿಂದೊಬ್ಬರು ಬಂದು ಮುಖವನ್ನೇ ನೋಡುತ್ತ ಕೇಳಿದರು. ನಮ್ಮ ಕಡೆ ದಾರಿಯಲ್ಲಿ ಕಂಡವರೆಲ್ಲ ನಿಲ್ಲಿಸಿ ಮೈ ಹುಷಾರೇ ಎಂದು ಕೇಳುವುದು ಮೂರು ತಿಂಗಳು ಹಾಸಿಗೆ ಹಿಡಿದು ಎದ್ದವನನ್ನು ಮಾತ್ರ. ಮಧ್ಯಾಹ್ನದ ಹೊತ್ತಿಗೆ ಹುಡುಗನ ತುಟಿ ಒಣಗಿತ್ತು. ಸಂಜೆ ಶಾಲೆಯಿಂದ ಬಂದವನೇ ಕಂಬಳಿ ಹೊದ್ದು ಮಲಗಿಬಿಟ್ಟ. ಮುದ್ದೆ ಬೇಡ ಅಂದ.

ಗಾಬರಿಯಾಗಿ ಬೀದಿಯ ಕೊನೆಯ ಡಾಕ್ಟರನ್ನು ಕರೆಸಿದೆ. ಡಾಕ್ಟರು ನಾಡಿ ಹಿಡಿದರು, ನಾಲಗೆ ನೋಡಿದರು, ಹೊಟ್ಟೆ ಒತ್ತಿದರು. ಏನೂ ಸಿಗಲಿಲ್ಲ. ಕೊನೆಗೆ ಹುಡುಗನ ತಲೆ ಸವರಿ ಅಕ್ಕರೆಯಿಂದ, "ಹೇಗಿದೆಯಪ್ಪಾ ಮೈಗೆ?" ಎಂದು ಕೇಳಿದರು.

ಹುಡುಗ ಕಂಬಳಿಯೊಳಗಿಂದ ಮುಖ ಹೊರಹಾಕಿ, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ: "ನೀವು ಇಪ್ಪತ್ತನಾಲ್ಕನೆಯವರು, ಡಾಕ್ಟ್ರೇ. ನಿಜ ಹೇಳ್ಬಿಡಿ, ನಾನು ಬದುಕ್ತೀನಾ?"

ಅಂತರಗಂಗೆಯ ಜೋಡಿ

ಇದಾದ ಮೇಲೆ ಪ್ರಶ್ನೆಗಳನ್ನು ಬಿಟ್ಟು ಕಾಲಿಗೆ ಕೆಲಸ ಕೊಡುವುದೆಂದು ತೀರ್ಮಾನಿಸಿದೆ. ಒಂದು ಭಾನುವಾರ ಎಲ್ಲರನ್ನೂ ಅಂತರಗಂಗೆ ಬೆಟ್ಟಕ್ಕೆ ಹೊರಡಿಸಿದೆ. ಇಬ್ಬಿಬ್ಬರು ಜೋಡಿ. ಹತ್ತುವಾಗ, ಇಳಿಯುವಾಗ, ಬುತ್ತಿ ಬಿಚ್ಚುವಾಗ, ಯಾವ ಕಾರಣಕ್ಕೂ ಜೋಡಿಯವನನ್ನು ಬಿಟ್ಟು ಒಂದು ಹೆಜ್ಜೆಯೂ ಇಡಕೂಡದು. ರಾಯಲ್ಪಾಡಿನವನ ಎತ್ತರಕ್ಕೆ ಸರಿಯಾಗಿ ಸಿಕ್ಕಿದವನು ಮುಳಬಾಗಿಲಿನ ಹುಡುಗ. ಅವನೂ ಮೌನದಲ್ಲಿ ಇವನಿಗೆ ಅಣ್ಣನೇ. ಎತ್ತರ ನೋಡಿ ಜೋಡಿ ಮಾಡುವಾಗ ಅದು ನನಗೆ ಹೊಳೆಯಲಿಲ್ಲ.

ಇಳಿದು ಬಂದು ತಲೆ ಎಣಿಸಿದೆ. ಇಪ್ಪತ್ತೆರಡು. ಮತ್ತೆ ಎಣಿಸಿದೆ. ಅಷ್ಟೇ. ಹೊತ್ತು ಇಳಿಯುತ್ತಿತ್ತು. ಕೋಟು ಕಳಚಿ ಮಾಲೂರಿನವನ ಕೈಗೆ ಕೊಟ್ಟು, ನಮ್ಮ ಅಡಿಗೆಯಾತನನ್ನು ಕರೆದುಕೊಂಡು ನಾನೇ ಮತ್ತೆ ಮೆಟ್ಟಿಲು ಹತ್ತಿದೆ. ಈ ಅಡಿಗೆಯಾತ ಐವತ್ತು ದಾಟಿದವನು, ಹುಡುಗರಿಗೆ ಮುದ್ದೆಯನ್ನೂ ನನಗೆ ಬುದ್ಧಿಯನ್ನೂ ಹೊತ್ತುಹೊತ್ತಿಗೆ ಕೊಡುತ್ತಿದ್ದವನು.

ಮೇಲೆ, ಕಲ್ಯಾಣಿಯ ಪಕ್ಕದ ಬಂಡೆಯ ಮೇಲೆ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಕೋತಿಯೊಂದು ಬುತ್ತಿಯ ಬಟ್ಟೆಯನ್ನು ಹರಿದು ಮುಗಿಸಿ, ಅವರ ಎದುರಿಗೇ ಕೂತು ಅವರನ್ನು ನೋಡುತ್ತಿತ್ತು.

"ಯಾಕ್ರೋ ಇಳಿದು ಬರಲಿಲ್ಲ?" ಎಂದು ಗದರಿಸಿದೆ.

ಮುಳಬಾಗಿಲಿನವನು ಹೇಳಿದ: "ಇವನು ಎದ್ದ ಮೇಲೆ ಏಳೋಣಾಂತ ಕೂತಿದ್ದೆ, ಸಾರ್."

ರಾಯಲ್ಪಾಡಿನವನು ಹೇಳಿದ: "ಅವನು ಎದ್ದ ಮೇಲೆ ಏಳೋಣಾಂತ ನಾನು."

"ಎರಡು ಗಂಟೆ ಹೊತ್ತು ಒಬ್ಬರ ಹತ್ತಿರ ಒಬ್ಬರು ಒಂದು ಮಾತೂ ಆಡಲಿಲ್ಲವೆ?"

"ಆಡಿದ್ವಿ ಸಾರ್" ಎಂದ ಮುಳಬಾಗಿಲಿನವನು. "ಹೊತ್ತಾಯ್ತು ಅಂದೆ."

"ಅದಕ್ಕೆ ಇವನೇನೆಂದ?"

"ಹೂಂ ಅಂದ."

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅಡಿಗೆಯಾತ ಮಾತ್ರ ಸಮಾಧಾನದಿಂದ ಮೆಟ್ಟಿಲ ಮೇಲೆ ಕೂತು ಹೇಳಿದ: "ಯಾಕೆ ಬೈತೀರಾ, ಮೇಷ್ಟ್ರೇ? ನನಗೆ ಮದುವೆಯಾಗಿ ಇಪ್ಪತ್ತೆಂಟು ವರ್ಷ. ನಮ್ಮ ಮನೇಲೂ ದಿನಾ ಇಷ್ಟೇ ಮಾತು ನಡೆಯೋದು."

ಒಬ್ಬ ಸ್ನೇಹಿತ

ಪ್ರತಿ ತಿಂಗಳ ಮೊದಲ ಭಾನುವಾರ ಹುಡುಗರೆಲ್ಲ ಮನೆಗೆ ಕಾಗದ ಬರೆಯಬೇಕಿತ್ತು. ಡಿಸೆಂಬರಿನಲ್ಲಿ ಅದಕ್ಕೊಂದು ಷರತ್ತು ಸೇರಿಸಿದೆ. ಕಾಗದದಲ್ಲಿ ತನ್ನ ಒಬ್ಬ ಸ್ನೇಹಿತನ ವಿಷಯ ತಪ್ಪದೆ ಬರೆಯತಕ್ಕದ್ದು. ರಾಯಲ್ಪಾಡಿನವನ ತಂದೆ ಅದನ್ನು ಓದಿಸಿ ಕೇಳಿ ಮನಸ್ಸು ಬದಲಾಯಿಸಲಿ ಎನ್ನುವುದು ನನ್ನ ಆಸೆ. ಹುಡುಗ ಲೆಕ್ಕದ ಪುಸ್ತಕದ ಮೇಲೆ ಕಾರ್ಡಿಟ್ಟುಕೊಂಡು ಎಡೆಬಿಡದೆ ಬರೆಯುವುದನ್ನು ಕಂಡು ನನ್ನ ಎದೆ ಹಗುರವಾಯಿತು. ಇನ್ನೊಬ್ಬರ ಕಾಗದ ಓದಬಾರದೆಂಬ ನಿಯಮ ನಾನೇ ಮಾಡಿದ್ದೆ. ಆದರೂ ಕಾರ್ಡು ತೆರೆದೇ ಇರುತ್ತದೆ, ಟಪಾಲಿಗೆ ಹಾಕುವವನ ಕಣ್ಣು ಮುಚ್ಚಿರುವುದಿಲ್ಲ.

'ತೀರ್ಥರೂಪುರವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ. ಇಲ್ಲಿ ನನಗೆ ಒಬ್ಬ ಸ್ನೇಹಿತನಿದ್ದಾನೆ. ದಿನಾ ಬೆಳಿಗ್ಗೆ ಸಂಜೆ ಅವನನ್ನು ನೋಡುತ್ತೇನೆ. ನನ್ನನ್ನು ಕಂಡರೆ ಅವನಿಗೂ ಬಹಳ ಪ್ರೀತಿ. ಬಿಳಿಯ ಬಣ್ಣ. ಎಡಗೋಡು ತುದಿಯಲ್ಲಿ ಸ್ವಲ್ಪ ಮುರಿದಿದೆ.'

ಹಾಸ್ಟೆಲಿಗೆ ನೀರಿನ ಪೀಪಾಯಿ ಎಳೆದು ತರುತ್ತಿದ್ದ ಎತ್ತು ಅದು.

ಬೇರೆ ಬರೆಸಬಹುದಿತ್ತು. ಆದರೆ ಸುಳ್ಳು ಬರೆ ಎಂದು ಹುಡುಗನಿಗೆ ಹೇಳುವುದು ನನ್ನಿಂದಾಗಲಿಲ್ಲ. ಕಾರ್ಡು ಹಾಗೆಯೇ ಟಪಾಲು ಪೆಟ್ಟಿಗೆಗೆ ಹೋಯಿತು. ಹತ್ತು ದಿನಕ್ಕೆ ಊರಿನ ಶಾನುಭೋಗರ ಕೈಬರಹದಲ್ಲಿ ತಂದೆಯ ಉತ್ತರ ನನ್ನ ಹೆಸರಿಗೇ ಬಂತು:

'ಎತ್ತು ನಮ್ಮ ಮನೆಯಲ್ಲೂ ಎರಡು ಇವೆ. ಅದಕ್ಕಾಗಿ ಕೋಲಾರದವರೆಗೆ ಬರಬೇಕಾಗಿರಲಿಲ್ಲ. ಬರುವ ಶನಿವಾರ ಬಿಟ್ಟು ಅದರಾಚೆಯ ಶನಿವಾರ ಗಾಡಿ ಕಟ್ಟಿಕೊಂಡು ಬಂದು ಹುಡುಗನನ್ನು ಕರೆದುಕೊಂಡು ಹೋಗುತ್ತೇನೆ.'

ಎಣ್ಣೆನೀರು

ಕಾಗದವನ್ನು ಅಡಿಗೆಯಾತನಿಗೆ ಓದಿ ಹೇಳಿದೆ. ಆತ ಅವರೆಕಾಯಿ ಸುಲಿಯುತ್ತ ಕೇಳಿಸಿಕೊಂಡ.

"ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನೀವು ಜೂನ್ ತಿಂಗಳಿಂದ ಆ ಹುಡುಗನ ಬಾಯಿ ಬಿಡಿಸೋಕೆ ನೋಡ್ತಾ ಇದ್ದೀರ. ಶನಿವಾರ ಬಚ್ಚಲುಮನೆ ಕಡೆ ಒಂದು ಸಲನಾದ್ರೂ ನೋಡಿದ್ದೀರಾ?"

ನೋಡಿರಲಿಲ್ಲ. ಶನಿವಾರ ಹುಡುಗರಿಗೆ ಎಣ್ಣೆನೀರು. ನಾನು ಎಣ್ಣೆ ಅಳೆದು ಕೊಟ್ಟು, ಎಲ್ಲರದ್ದೂ ಒಂಬತ್ತು ಗಂಟೆಯೊಳಗೆ ಮುಗಿಯಿತೇ ಎಂದು ಕೇಳುತ್ತಿದ್ದೆ. ಅಷ್ಟೇ ನನ್ನ ಉಸ್ತುವಾರಿ.

"ಮನೇಲಿ ಅವ್ವನೋ ಅಜ್ಜಿಯೋ ನೆತ್ತಿಗೆ ಹರಳೆಣ್ಣೆ ತಟ್ಟಿ, ಬೆನ್ನು ತಿಕ್ಕಿ, ನೀರು ಹುಯ್ತಿದ್ರು. ಇಲ್ಲಿ ಒಬ್ಬೊಬ್ಬನೂ ಒಂದೊಂದು ಮೂಲೆ ಹಿಡ್ಕೊಂಡು ತಾನೇ ಮೆತ್ಕೋತಾನೆ. ಬೆನ್ನಿಗೆ ಕೈ ಎಲ್ಲಿ ಎಟುಕುತ್ತೆ? ಅವ್ವನ ಜ್ಞಾಪಕ ಬರೋದು ಅಲ್ಲೇ. ಶನಿವಾರ ಅತ್ರೆ ಯಾರಿಗೂ ಗೊತ್ತಾಗಲ್ಲ. ಕಣ್ಣು ಯಾಕೋ ಕೆಂಪಾಗಿದೆ ಅಂದ್ರೆ ಸೀಗೆಪುಡಿ ಬಿತ್ತು ಅಂತಾರೆ. ಏಳು ತಿಂಗಳಿಂದ ನೋಡ್ತಾ ಇದ್ದೀನಿ. ಎಲ್ಲಾ ಶನಿವಾರಾನೂ ಎಲ್ಲರ ಕಣ್ಣಿಗೂ ಸೀಗೆಪುಡಿ ಬೀಳುತ್ತಾ?"

ಗೋಡೆಯ ಮೇಲಿದ್ದ ಹಳೆಯ ನಿಯಮಗಳನ್ನೆಲ್ಲ ಕಿತ್ತು ಹೊಸದೊಂದನ್ನು ಅಂಟಿಸಿದೆ. 'ಶನಿವಾರ ಯಾರೂ ತಮ್ಮ ಬೆನ್ನು ತಾವೇ ಉಜ್ಜಬಾರದು.' ಜೋಡಿಗಳನ್ನು ನಾನು ಮಾಡಲಿಲ್ಲ. ಅಡಿಗೆಯಾತನೇ ಮಾಡಿದ. ರಾಯಲ್ಪಾಡಿನವನಿಗೆ ಮಾಲೂರಿನ ಬಾಯಾಳಿಯನ್ನು ಕೊಟ್ಟ.

ಆ ಶನಿವಾರ ಕಿಟಕಿಯಲ್ಲಿ ನಿಂತು ನೋಡಿದೆ. ಮಾಲೂರಿನವನು ಕಲ್ಲಿನ ಮೇಲೆ ಕೂತು, ಎಣ್ಣೆ ಹಚ್ಚಿಸಿಕೊಳ್ಳುತ್ತ, ಒಂದೇ ಸಮನೆ ಮಾತಾಡುತ್ತಿದ್ದ. ರಾಯಲ್ಪಾಡಿನವನು ತುಟಿ ಬಿಚ್ಚಲಿಲ್ಲ. ಆದರೆ ಕೈ! ತೆಂಗಿನ ನಾರು ಹಿಡಿದು ಭುಜದಿಂದ ಸೊಂಟದವರೆಗೆ ಒಂದೇ ಎಳೆತ. ಪಕ್ಕೆಗೆ ಅಂಗೈಯಿಂದ ಛಟ್ಟನೆ ತಟ್ಟಿ, ನಾಲಗೆಯಲ್ಲಿ ಟ್ಚಟ್ಚ ಎಂದು ಸದ್ದು ಮಾಡಿ, "ಜರುಗು, ಜರುಗು" ಅಂದ. ಮಾಲೂರಿನವನು ಮಾತು ನಿಲ್ಲಿಸದೆಯೇ ಆ ಕಡೆಗೆ ತಿರುಗಿದ. ಕುತ್ತಿಗೆ ಬಗ್ಗಿಸಿ ಕಿವಿಯ ಹಿಂದೆ ಉಜ್ಜಿದ. ಎತ್ತಿಗಾದರೆ ಗಂಗೆದೊಗಲು ಜೋಲುವ ಕೊರಳಿನ ಜಾಗವನ್ನೂ ಸವರಿದ. ಬಾವಿಕಟ್ಟೆಯಲ್ಲಿದ್ದವರೆಲ್ಲ ಎಣ್ಣೆಮೈಯಲ್ಲೇ ನಿಂತು ನೋಡತೊಡಗಿದರು.

ಇದ್ದಕ್ಕಿದ್ದ ಹಾಗೆ ಮಾಲೂರಿನವನು ಕಿರುಚಿದ: "ಸಾರ್! ಸಾರ್! ಬನ್ನಿ ಸಾರ್ ಇಲ್ಲಿ! ಈ ನನ್ಮಗ ಲಾಳ ಸವೆದಿದೆಯೋ ಅಂತ ನನ್ನ ಕಾಲೆತ್ತಿ ನೋಡ್ತಾ ಇದ್ದಾನೆ!"

ಕಾಲು ಕೈಯಲ್ಲಿ ಹಿಡಿದೇ ಇದ್ದ ರಾಯಲ್ಪಾಡಿನವನು ಒಂದು ಕ್ಷಣ ಕಾಲನ್ನು ನೋಡಿದ, ಅದರ ಯಜಮಾನನನ್ನು ನೋಡಿದ. ಆಮೇಲೆ ನಕ್ಕ. ಏಳು ತಿಂಗಳಿಂದ ಕೂಡಿಟ್ಟಿದ್ದ ನಗು ಅದು, ನಿಲ್ಲಲೇ ಇಲ್ಲ. ಮುಳಬಾಗಿಲಿನವನು ಬಂದು ಸದ್ದಿಲ್ಲದೆ ಕಲ್ಲಿನ ಮೇಲೆ ಕೂತು ತನ್ನ ಬೆನ್ನು ಒಡ್ಡಿದ. ಅವನ ಹಿಂದೆ ಇನ್ನೂ ನಾಲ್ಕು ಜನ ಸಾಲು ಹಿಡಿದರು.

ಅಡಿಗೆಯಾತ ನನ್ನ ಪಕ್ಕಕ್ಕೆ ಬಂದು ನಿಂತು ಹೇಳಿದ: "ಇನ್ನು ಒಂದು ವಾರ ಇದೆ, ಮೇಷ್ಟ್ರೇ. ದಯವಿಟ್ಟು ಹೊಸ ನಿಯಮ ಏನೂ ಮಾಡಬೇಡಿ."

ಗಾಡಿ ಬಂತು

ಆ ಒಂದು ವಾರ ನಾನು ಏನೂ ಮಾಡಲಿಲ್ಲ. ಅಷ್ಟು ಕಷ್ಟದ ವಾರ ನನ್ನ ಜೀವಮಾನದಲ್ಲಿ ಮತ್ತೊಂದಿಲ್ಲ.

ಶನಿವಾರ ಬಂತು. ಹುಡುಗರ ಎಣ್ಣೆನೀರು ಬೇಗ ಮುಗಿದು, ಎಲ್ಲರೂ ಹಿತ್ತಲಿನ ಆಚೆ ಬಿಸಿಲಿನಲ್ಲಿ ತಲೆ ಒಣಗಿಸಿಕೊಳ್ಳುತ್ತ ಕೇಕೆ ಹಾಕುತ್ತಿದ್ದರು. ತಂದೆ ಮಧ್ಯಾಹ್ನದ ಮೇಲೆ ಬರಬಹುದೆಂದು ಲೆಕ್ಕ ಹಾಕಿ, ಅಷ್ಟರೊಳಗೆ ಕೋಟು ಪೇಟ ಹಾಕಿಕೊಂಡು ಸಿದ್ಧವಾಗಿರೋಣವೆಂದು ನಾನೂ ಬಚ್ಚಲಿಗೆ ಹೋದೆ. ನಿಯಮ ಹುಡುಗರಿಗೆ ಮಾತ್ರ. ಮೇಷ್ಟ್ರ ಬೆನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ, ಮುಟ್ಟು ಎಂದು ಹೇಳುವ ಸ್ವಭಾವ ನನ್ನದಲ್ಲ. ಒಂದು ಪಂಚೆಯ ತುಂಡನ್ನು ಹುರಿ ಮಾಡಿ ಬೆನ್ನ ಹಿಂದೆ ಹಿಡಿದು, ಮಜ್ಜಿಗೆ ಕಡೆಯುವವರ ಹಾಗೆ ಆ ಕಡೆ ಈ ಕಡೆ ಎಳೆಯುವುದು ನನ್ನ ಪದ್ಧತಿ. ತಲೆಗೆ ಸೀಗೆಪುಡಿ ಹಚ್ಚಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದೆ. ಹಂಡೆಯ ಒಲೆಯ ಹೊಗೆ, ಬಿಸಿನೀರಿನ ಹಬೆ, ಬಚ್ಚಲೆಲ್ಲ ಮಬ್ಬು.

ಗಾಡಿ ಬೆಳಿಗ್ಗೆಯೇ ಬಂದುಬಿಟ್ಟಿತ್ತು. ತಂದೆಗೆ ಆ ವರ್ಷ ಎರಡು ಕಣ್ಣಿಗೂ ಪೊರೆ ಬರಲು ಶುರುವಾಗಿತ್ತು. ಅಡಿಗೆಯಾತನನ್ನು ಕೇಳಿದರಂತೆ. ಆತ ಸೌಟಿನಲ್ಲೇ ಹಿತ್ತಲ ಕಡೆ ತೋರಿಸಿದ. ಹಿತ್ತಲಿಗೆ ಬಂದವರ ಕಿವಿಗೆ ಆಚೆಯ ಕೇಕೆ ಬಿತ್ತು. ಅಷ್ಟು ನಗು ಇರುವ ಕಡೆ ತಮ್ಮ ಮಗ ಇರುವುದುಂಟೇ? ಆ ಕಡೆ ತಿರುಗಿಯೂ ನೋಡಲಿಲ್ಲ. ಬಚ್ಚಲಿನೊಳಗೆ ಬಗ್ಗಿ ನೋಡಿದರು. ಎತ್ತರದ ಸಣಕಲು ಬೆನ್ನೊಂದು ತನ್ನನ್ನು ತಾನೇ ಹುರಿಯಿಂದ ಉಜ್ಜಿಕೊಳ್ಳುತ್ತಿತ್ತು. ಅವರಿಗೆ ಇನ್ನೇನೂ ಕಾಣಬೇಕಾಗಿರಲಿಲ್ಲ.

"ಅಯ್ಯೋ, ನನ್ನಪ್ಪನೇ!" ಎಂಬ ದನಿ ಹಿಂದೆಯೇ ಕೇಳಿತು. ಯಾರೋ ನನ್ನ ಕೈಯಿಂದ ಹುರಿಯನ್ನು ಕಿತ್ತು ಎಸೆದರು. ಬೇರಿನಂಥ ಎರಡು ಅಂಗೈಗಳು ಬೆನ್ನ ಮೇಲೆ ಕೂತವು.

"ಯಾರದು? ನಾನು..." ಎಂದು ಬಾಯಿ ತೆರೆದೆ.

"ಮಾತಾಡ್ಬೇಡ, ಸೀಗೆಪುಡಿ ಬಾಯಿಗೆ ಹೋಗುತ್ತೆ" ಎಂದು ನೆತ್ತಿಯ ಮೇಲೆ ಒಂದು ಚೊಂಬು ನೀರು ಹುಯ್ದರು. "ನೋಡು, ಹೆಂಗೆ ಮೂಳೆ ಬಿಟ್ಕೊಂಡಿದ್ದೀಯ. ಅಷ್ಟು ಹುಡುಗರು ಆಚೆ ಕೇಕೆ ಹಾಕ್ತಾವ್ರೆ. ಒಬ್ಬ, ಒಬ್ಬನಾದ್ರೂ ಬಂದು ಬೆನ್ನು ಉಜ್ಜಬಾರ್ದಾ? ಆ ಮೇಷ್ಟ್ರು ಅನ್ನಿಸ್ಕೊಂಡೋನಿಗೆ ಕಣ್ಣಿಲ್ವಾ?"

"ನಾನೇ ಆ..."

ಇನ್ನೊಂದು ಚೊಂಬು. "ಅವನ ಮುಖ ನೋಡಿದ ದಿನಾನೇ ಅಂದ್ಕೊಂಡೆ. ಹರಳೆಣ್ಣೆ ಕುಡಿದೋನ ಹಂಗೆ ಇದ್ದ. ಅಂಥೋನ ಕೈಗೆ ಮಗನ್ನ ಕೊಟ್ಟು ಹೋದೆನಲ್ಲಾ, ನನ್ನ ಬುದ್ಧಿಗೆ ಏನು ಹೇಳಣ!"

ನಾನು ಎದ್ದು ನಿಂತು, ತಾವು ಮುಟ್ಟುತ್ತಿರುವುದು ಯಾರನ್ನೆಂದು ತಿಳಿಸಬೇಕಿತ್ತು. ಆದರೆ ಸತ್ಯವನ್ನೇ ಬರೆಯಬೇಕಲ್ಲ. ನನ್ನ ತಾಯಿ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಹದಿನೈದು ವರ್ಷದಿಂದ ಆ ಬೆನ್ನಿನ ನಡುಭಾಗಕ್ಕೆ ಒಂದು ಕೈ ತಾಗಿರಲಿಲ್ಲ. ಮೂರನೆಯ ಚೊಂಬಿಗೆ ನಾನು ಸುಮ್ಮನಾಗಿಬಿಟ್ಟೆ. ಕಣ್ಣಲ್ಲಿ ನೀರು ಬಂದದ್ದೂ ನಿಜ. ಸೀಗೆಪುಡಿ.

ಅಷ್ಟರಲ್ಲಿ ಬಾಗಿಲಿನಲ್ಲಿ ನೆರಳು ಕಾಣಿಸಿತು. "ನಾಯನಾ!" ಎಂದು ರಾಯಲ್ಪಾಡಿನ ಹುಡುಗ ಕೂಗಿದ. "ಅದು ನಾನಲ್ಲ! ನಮ್ಮ ಮೇಷ್ಟ್ರು!"

ಚೊಂಬು ಕಲ್ಲಿನ ಮೇಲೆ ಬಿದ್ದು ಬಚ್ಚಲ ಮೋರಿಯವರೆಗೆ ಉರುಳಿಕೊಂಡು ಹೋಯಿತು. ಕಣ್ಣು ತೊಳೆದು ತಿರುಗಿ ನೋಡಿದೆ. ಮುದುಕರು ಬಾಯಿ ತೆರೆದು ನಿಂತಿದ್ದರು. ಬಾಗಿಲಿನಲ್ಲಿ ಹುಡುಗ. ಅವನ ಹೆಗಲ ಮೇಲೆ ಮಾಲೂರಿನವನ ಗದ್ದ, ಕಂಕುಳ ಕೆಳಗಿಂದ ಮುಳಬಾಗಿಲಿನವನ ಮುಖ, ಅವರ ಹಿಂದೆ ಇನ್ನೂ ಹತ್ತು ಒದ್ದೆ ತಲೆಗಳು. ಒಬ್ಬರೂ ನಗುತ್ತಿರಲಿಲ್ಲ. ನಗದೆ ಇರಲು ಪಡುತ್ತಿದ್ದ ಪಾಡು ಮಾತ್ರ ನೋಡಲಾಗುತ್ತಿರಲಿಲ್ಲ.

ಪಂಚೆ ಸುತ್ತಿಕೊಂಡು, ಸಾಧ್ಯವಾದಷ್ಟು ಗಾಂಭೀರ್ಯ ತಂದುಕೊಂಡು, "ನಮಸ್ಕಾರ, ಬನ್ನಿ" ಎಂದೆ.

ಅವರಿಗೆ ನನ್ನನ್ನು ನೋಡಲು ನಾಚಿಕೆ. ಮಗನ ಕಡೆ ತಿರುಗಿ ಗದರಿದ ದನಿಯಲ್ಲಿ, "ನಡಿಯೋ, ಗಂಟು ಕಟ್ಟು. ಗಾಡಿ ತಂದಿದ್ದೀನಿ" ಎಂದರು.

ಹುಡುಗ ತಂದೆಯನ್ನು ನೋಡಿದ. ಹಿಂದೆ ತಿರುಗಿ ಆ ಒದ್ದೆ ತಲೆಗಳನ್ನು ನೋಡಿದ. ಮಾಲೂರಿನವನು ಅವನ ಅಂಗಿಯ ಹಿಂಭಾಗವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

"ಈಗ ಆಗಲ್ಲ, ನಾಯನಾ" ಎಂದ. "ಮಧ್ಯಾಹ್ನ ಇವರಿಗೆಲ್ಲ ಲೆಕ್ಕ ಹೇಳ್ಕೊಡಬೇಕು. ಸೋಮವಾರ ಪರೀಕ್ಷೆ. ಇವನಂತೂ ನಾನು ಹೋದ್ರೆ ಸೊನ್ನೆ ತಗೋತಾನೆ."

"ಈಗ್ಲೂ ಸೊನ್ನೇನೇ ತಗೊಳ್ಳೋದು, ಆದ್ರೂ ಹೋಗ್ಬೇಡ ಕಣೋ" ಎಂದ ಮಾಲೂರಿನವನು.

ಮುದುಕರು ಮಗನ ಹತ್ತಿರ ಹೋಗಿ, ಮಬ್ಬುಗಣ್ಣಿಗೆ ಕಾಣುವಷ್ಟು ಹತ್ತಿರದಿಂದ ಅವನ ಮುಖ ನೋಡಿದರು. ಅಂಗಿಯೊಳಗೆ ಕೈ ಹಾಕಿ ಅವನ ಬೆನ್ನು ಸವರಿದರು. ಅಲ್ಲಿ ಯಾರೋ ಚೆನ್ನಾಗಿ ಉಜ್ಜಿದ್ದರೆಂದು ಅಂಗೈಗೆ ತಿಳಿದಿರಬೇಕು. ಆಮೇಲೆ ಗಾಡಿಯಲ್ಲಿದ್ದ ಅವರೆಕಾಯಿ ಮೂಟೆಯನ್ನು ಅಡಿಗೆಮನೆಗೆ ಇಳಿಸಿ, ಹುಡುಗರ ಜೊತೆ ಪಂಕ್ತಿಯಲ್ಲಿ ಕೂತು ಮುದ್ದೆ ಉಂಡು, ಹೊರಡಲು ಎದ್ದರು.

ನಾನು ಆಗ ಕೋಟು ಪೇಟ ಎಲ್ಲ ಹಾಕಿಕೊಂಡು ಬಾಗಿಲವರೆಗೆ ಕಳಿಸಲು ಹೋಗಿದ್ದೆ. ಗಾಡಿಯ ಮೂಕಿ ಹಿಡಿದು ನಿಂತ ಮುದುಕರು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿ, ತೀರ ತಗ್ಗಿದ ದನಿಯಲ್ಲಿ, ಬಹಳ ಕನಿಕರದಿಂದ ಹೇಳಿದರು:

"ಹುಡುಗನ ಚಿಂತೆ ಬಿಟ್ಟೆ, ಸ್ವಾಮಿ. ಆದ್ರೆ ಗಾಡಿ ಇಷ್ಟು ದೂರ ಬಂದಿದೆ, ಬರಿದಾಗಿ ಯಾಕೆ ಹೋಗ್ಬೇಕು? ನೀವೇ ಬಂದ್ಬಿಡಿ."